ಲಕ್ಷ್ಮಮ್ಮನವರ ಸ್ಟೀಲ್ ತಟ್ಟೆ

ಹೊಸದಾಗಿ ಕಾಲೇಜುಗಳ ಕ್ರೀಡಾ ವಿಭಾಗಕ್ಕೆ ಸೇರಿದ ಹುಡುಗಿಯರು ಆಗಾಗ ಜೆ.ಪಿ. ನಗರದ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಒಂದು ಪ್ರಶ್ನೆ ಗ್ಯಾರಂಟಿ: ಬ್ಯಾಸ್ಕೆಟ್‌ಬಾಲ್ ಕೋಚ್ ಆಗಲು ಮುಖ್ಯವಾಗಿ ಏನು ಬೇಕು? ಶಿಸ್ತು, ಛಲ, ಏಕಾಗ್ರತೆ ಎಂದು ನಾನು ಹೇಳಲಿ ಎಂದು ಅವರ ಆಸೆ. ನಾನು ತೆಂಗಿನಕಡ್ಡಿ ಪೊರಕೆ ಎನ್ನುತ್ತೇನೆ. ಅವರು ನಗುತ್ತಾರೆ. ನಗುವಂಥದ್ದೇನೂ ಇಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಸೇರಿದಾಗ ನಮ್ಮದು ಬಯಲಿನ ಸಿಮೆಂಟ್ ಅಂಕಣ, ಎರಡೂ ಬದಿಗೆ ಹೊಂಗೆ ಮರ. ಉದುರಿದ ಹೊಂಗೆ ಹೂವು ಕವಿಗಳಿಗೆ ಚೆಂದ. ಓಡುವ ಹುಡುಗಿಯ ಕಾಲಿಗೆ ಅದು ಬಾಳೆಹಣ್ಣಿನ ಸಿಪ್ಪೆ. ಮಳೆ ಬಂದ ಮರುದಿನವಂತೂ ಬುಟ್ಟಿಯ ಕೆಳಗೇ ನೀರು ನಿಲ್ಲುತ್ತಿತ್ತು. ಹುಡುಗಿಯರು ಬರುವ ಮೊದಲೇ ನಾನು ಟ್ರ್ಯಾಕ್‌ಪ್ಯಾಂಟ್ ಮೇಲೆ ಮಡಚಿಕೊಂಡು ಗುಡಿಸುತ್ತಿದ್ದೆ. ಬೆಳಗಿನ ವಾಕಿಂಗ್‌ಗೆ ಬರುತ್ತಿದ್ದ ಹಿರಿಯರೊಬ್ಬರು ಎಷ್ಟೋ ತಿಂಗಳು ನನ್ನನ್ನು ಆಯಾ ಎಂದೇ ತಿಳಿದು, ಗೇಟಿನ ಹೊರಗಿನ ಕಸವನ್ನೂ ತೆಗೆಯಲು ಹೇಳುತ್ತಿದ್ದರು. ಒಂದೆರಡು ಸಲ ತೆಗೆದೂ ಇದ್ದೇನೆ.

ನನಗೆ ಎಷ್ಟು ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲುಗಳು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ. ಈ ಕೆಲಸ ನಿಜಕ್ಕೂ ಹೇಗಿತ್ತು ಎಂಬುದನ್ನು ಮಾತ್ರ ಹೇಳುತ್ತೇನೆ. ಮೊದಲೇ ಒಂದು ಎಚ್ಚರಿಕೆ: ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ಅಂಕಣದಲ್ಲಿ ಕೂಗಿದರೆ ನಾಲ್ಕನೇ ಬ್ಲಾಕಿನ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಕೋಪಿಷ್ಠೆಯಾದ ನನಗೂ ಸವಾಲಾಗಿದ್ದವರು ನಮ್ಮ ಪ್ರಿನ್ಸಿಪಾಲ್ ಮೇಡಂ. ಸಸ್ಯಶಾಸ್ತ್ರದ ಪ್ರಾಧ್ಯಾಪಕಿ, ಒಳ್ಳೆಯ ಹೆಂಗಸು, ಆದರೆ ಅರೆತಲೆನೋವು. ಅವರ ಕೋಣೆಯ ಕಿಟಕಿ ನೇರ ನಮ್ಮ ಅಂಕಣಕ್ಕೆ ತೆರೆದುಕೊಳ್ಳುತ್ತಿತ್ತು. ಒಂದು ದಿನ ಕರೆಸಿ, ಹಣೆ ಒತ್ತಿಕೊಳ್ಳುತ್ತ ಹೇಳಿದರು: "ಆಟ ಆಡ್ಸಿ, ಬೇಡ ಅನ್ನಲ್ಲ. ಆದ್ರೆ ಆ ಚೆಂಡು ನೆಲಕ್ಕೆ ಬಡಿಯೋದು ಒಂದು ಬೇಡ."

ಚೆಂಡು ಪುಟಿಸದೆ ಬ್ಯಾಸ್ಕೆಟ್‌ಬಾಲ್ ಆಡುವುದೆಂದರೆ ಒಗ್ಗರಣೆಯಿಲ್ಲದೆ ಪುಳಿಯೋಗರೆ ಮಾಡಿದಂತೆ. ಅದನ್ನು ಅವರಿಗೆ ವಿವರಿಸಲು ಹೋದರೆ ತಲೆನೋವು ಇನ್ನೂ ಹೆಚ್ಚುತ್ತಿತ್ತು. ಬೇರೆ ದಾರಿಯಿಲ್ಲದೆ, ಅವರು ಕೋಣೆಯಲ್ಲಿರುವಷ್ಟು ಹೊತ್ತು ಬರೀ ಪಾಸ್ ಮಾಡಿ ಆಡಬೇಕೆಂದು ಕಟ್ಟಳೆ ಮಾಡಿದೆ. ಚೆಂಡು ನೆಲ ಮುಟ್ಟಿಸಿದವಳು ಅಂಕಣದ ಸುತ್ತ ಓಡಬೇಕು. ಹುಡುಗಿಯರು ಮೊದಮೊದಲು ನನ್ನನ್ನೂ ಪ್ರಿನ್ಸಿಪಾಲರನ್ನೂ ಸೇರಿಸಿ ಶಪಿಸಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, ಯಾರು ಎಲ್ಲಿದ್ದಾರೆಂದು ತಿರುಗಿ ನೋಡದೆಯೇ ಚೆಂಡು ಕೊಡುವುದನ್ನು ಕಲಿತುಬಿಟ್ಟಿದ್ದರು. ಮಲ್ಲೇಶ್ವರದ ಕಡೆಯ ಕಾಲೇಜೊಂದರ ಕೋಚ್ ಮುನಿಸ್ವಾಮಿ ಸಾರ್ ನಮ್ಮ ಆಟ ನೋಡಿ ಬೆರಗಾದರು. ಕಾರ್ಖಾನೆ ತಂಡದಲ್ಲಿ ವರ್ಷಗಟ್ಟಲೆ ಆಡಿ ಪಳಗಿದ ಮನುಷ್ಯ, ಯಾರನ್ನೂ ಸುಲಭಕ್ಕೆ ಹೊಗಳುವವರಲ್ಲ. ಈ ಪದ್ಧತಿ ಯಾವ ದೇಶದ್ದು, ಯಾವ ಪುಸ್ತಕದಲ್ಲಿದೆ ಎಂದು ಕೇಳಿದರು. ನಮ್ಮ ಪ್ರಿನ್ಸಿಪಾಲರ ತಲೆಯಲ್ಲಿದೆ ಸಾರ್ ಎಂದೆ. ಅವರು ಅದನ್ನು ಹೊಗಳಿಕೆ ಎಂದು ತಿಳಿದು, ಮುಂದಿನ ಸಲ ಪ್ರಿನ್ಸಿಪಾಲರನ್ನು ಕಂಡಾಗ ಕೈಮುಗಿದರಂತೆ.

ಅದೇ ತಲೆಯಿಂದ ಇನ್ನೊಂದು ಯೋಚನೆಯೂ ಹೊರಟಿತ್ತು. ತಂಡಕ್ಕೆ ಹೊಸ ಜೆರ್ಸಿ ಕೇಳಿದಾಗ, ಹಳೆಯ ಬಿಳಿ ಬನಿಯನ್ನುಗಳಿಗೇ ಮರೂನ್ ಬಣ್ಣ ಹಾಕಿಸಿದರೆ ಸಾಲದೇ ಎಂದರು. ಸೀರೆಗೆ ಬಣ್ಣ ಹಾಕುವ ಅಂಗಡಿಯಲ್ಲಿ ಹಾಕಿಸಿದೆವು. ಅಂಗಡಿಯವನು, ಅಕ್ಕ, ಎರಡು ನೀರಲ್ಲಿ ನೆನೆಸಿ ಒಣಗಿಸಿ ಎಂದಿದ್ದ. ನಮಗೆ ಅಷ್ಟು ವ್ಯವಧಾನವೆಲ್ಲಿ. ಪಂದ್ಯದ ಅರ್ಧಕ್ಕೆ ನಮ್ಮ ಹುಡುಗಿಯರ ಕತ್ತು, ತೋಳು ಎಲ್ಲ ಮರೂನ್. ನಮ್ಮವರನ್ನು ತಡೆಯಲು ಬಂದ ಎದುರಾಳಿಗಳ ಬಿಳಿ ಜೆರ್ಸಿಯೂ ಗುಲಾಬಿ. ಕೊನೆಗೆ ಯಾರು ಯಾವ ತಂಡವೆಂದು ತಿಳಿಯದೆ ರೆಫರಿ ಆಟ ನಿಲ್ಲಿಸಿ, ಎರಡೂ ತಂಡಕ್ಕೆ ಮುಖ ತೊಳೆದು ಬರಲು ಕಳಿಸಿದರು. ಗುಲಾಬಿಯಾದ ಜೆರ್ಸಿಗಳನ್ನು ನಾನೇ ಒಗೆಸಿಕೊಡಬೇಕಾಯಿತು.

ಕಾಲ ಬದಲಾಯಿತು, ಆಟವೂ ಬದಲಾಯಿತು. ಮೊದಲು ಪಂದ್ಯವೆಂದರೆ ಎರಡು ಅರ್ಧ. ಎರಡು ಸಾವಿರದ ಹೊತ್ತಿಗೆ ಅದು ನಾಲ್ಕು ಕಾಲು ಭಾಗವಾಯಿತು. ಹುಡುಗಿಯರು ಸ್ಕೂಟಿಯಲ್ಲಿ ಬರತೊಡಗಿದರು. ನನ್ನ ಬಾಯಿ ಮಾತು ನಂಬುತ್ತಿದ್ದವರು ಸಿ.ಡಿ. ಹಾಕಿ ನೋಡಿ ಚರ್ಚೆ ಮಾಡತೊಡಗಿದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ನನ್ನ ಲೆಕ್ಕದಲ್ಲಿ ಗಡಿಯಾರದ್ದು. ಈಗ ಸಮಯ ಮುಗಿದರೆ ಬುಟ್ಟಿಯ ಹಿಂದಿನ ಹಲಗೆಗೆ ಕೆಂಪು ದೀಪ ಹತ್ತುತ್ತದೆ, ಕಿವಿ ಹರಿಯುವಂತೆ ಸದ್ದಾಗುತ್ತದೆ, ವಾದಕ್ಕೆ ಎಡೆಯಿಲ್ಲ. ಆಗ ಮೇಜಿನ ಹಿಂದೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ಕೂರುತ್ತಿದ್ದರು. ರೆಫರಿ ಊದಿದಾಗ ನಿಲ್ಲಿಸಬೇಕು, ಆಟ ಶುರುವಾದಾಗ ಒತ್ತಬೇಕು, ಸಮಯ ಮುಗಿದಾಗ ಸೀಟಿಯನ್ನೋ ಗಂಟೆಯನ್ನೋ ಬಾರಿಸಬೇಕು. ಗೆಲುವು ಸೋಲು ಅವರ ಹೆಬ್ಬೆರಳ ತುದಿಯಲ್ಲಿ. ನಮ್ಮಲ್ಲಿ ಆ ಹೆಬ್ಬೆರಳು ಲಕ್ಷ್ಮಮ್ಮನವರದು. ಇಷ್ಟು ಹೊತ್ತು ಹೇಳಿದ್ದೆಲ್ಲ ಅವರ ಕಥೆಗೆ ಬರಲು ತೆಗೆದುಕೊಂಡ ಓಟವೆಂದುಕೊಳ್ಳಿ.

ಲಕ್ಷ್ಮಮ್ಮ ನಮ್ಮ ಸವಿತಾಳ ತಾಯಿ. ಸವಿತಾ ಬಿ.ಕಾಂ. ಓದುತ್ತಿದ್ದ ಎಡಗೈ ಹುಡುಗಿ. ಅವಳು ನೆಗೆದು ಚೆಂಡು ಬಿಟ್ಟರೆ ಬುಟ್ಟಿಯ ಬಲೆ ಮಾತ್ರ ಅಲುಗುತ್ತಿತ್ತು, ಉಂಗುರಕ್ಕೆ ಸುದ್ದಿಯೇ ಇರುತ್ತಿರಲಿಲ್ಲ. ಮನೆ ಇಟ್ಟಮಡುವಿನಲ್ಲಿ. ಅಪ್ಪನ ಕಾರ್ಖಾನೆಯಲ್ಲಿ ಸ್ವಯಂನಿವೃತ್ತಿ ಎಂಬ ಚೆಂದದ ಹೆಸರಿನಲ್ಲಿ ಜನರನ್ನು ಮನೆಗೆ ಕಳಿಸಿದ್ದರು. ಅವರೂ ಮನೆ ಸೇರಿದ್ದರು. ಹಿರಿಯ ಮಗಳಾದ ಸವಿತಾಳಿಗೆ ಬೇಗ ಒಂದು ಕೆಲಸ ಬೇಕಿತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಹುಡುಗಿಗೆ ಕ್ರೀಡಾ ಕೋಟಾದಲ್ಲಿ ಬ್ಯಾಂಕು, ರೈಲ್ವೆಯ ಬಾಗಿಲು ತೆರೆಯುತ್ತಿತ್ತು. ಆ ತಂಡಕ್ಕೆ ಸೇರುವುದೊಂದೇ ಅವಳ ಗುರಿ, ನನ್ನ ಗುರಿಯೂ ಅದೇ.

ಇಂಥ ಹೊತ್ತಿನಲ್ಲಿ ಒಂದು ಸಂಜೆ ಲಕ್ಷ್ಮಮ್ಮ ಬಟ್ಟೆಚೀಲ ಹಿಡಿದು ಅಂಕಣದ ಅಂಚಿಗೆ ಬಂದು ನಿಂತರು. ಗಿಡ್ಡ ಹೆಂಗಸು, ನೆಟ್ಟ ದೃಷ್ಟಿ. ಮಗಳನ್ನು ಆರೂವರೆಗೆ ಬಿಡುತ್ತೇನೆಂದು ಹೇಳಿ ದಿನವೂ ಏಳು ಮಾಡುತ್ತೀರಿ, ನಾಳೆಯಿಂದ ಕಳಿಸುವುದಿಲ್ಲ ಎಂದರು. ನಾನು ಕೆಲಸದ ಮಾತೆತ್ತಿದೆ, ಕೋಟಾ ಎಂದೆ, ಭವಿಷ್ಯ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಕೆಲ್ಸ ಸಿಗುತ್ತೋ ಬಿಡುತ್ತೋ ದೇವ್ರಿಗೆ ಗೊತ್ತು ಮೇಡಂ. ಆರೂವರೆ ಅಂದ್ರೆ ಆರೂವರೆ. ಹೇಳಿದ್ ಮಾತು ಹೇಳ್ದಂಗೆ ನಡೀಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಕೊರಳಲ್ಲಿದ್ದ ಸ್ಟಾಪ್‌ವಾಚ್ ಕಳಚಿ ಅವರ ಕೈಗಿಟ್ಟು, ಹಾಗಾದರೆ ನೀವೇ ಬಂದು ನಿಲ್ಲಿಸಿ ಎಂದೆ. ಬೇರೆ ಯಾರಾಗಿದ್ದರೂ ಗೊಣಗಿಕೊಂಡು ಹೋಗುತ್ತಿದ್ದರು. ಇವರು ಮರುದಿನ ಸಂಜೆ ಬನಶಂಕರಿಯಲ್ಲಿ ಬಸ್ಸು ಬದಲಾಯಿಸಿ ಬಂದು ಕಲ್ಲುಬೆಂಚಿನ ಮೇಲೆ ಕೂತೇಬಿಟ್ಟರು.

ಆರೂವರೆಗೆ ಸೀಟಿ ಊದಿ ಎಂದು ನನ್ನದನ್ನು ಕೊಡಹೋದರೆ ಹಿಂದಕ್ಕೆ ಸರಿದರು. ಇನ್ನೊಬ್ಬರ ಎಂಜಲು ಸೀಟಿಯನ್ನು ಬಾಯಿಗಿಡುವುದುಂಟೇ? ತೊಳೆದು ಕೊಡುತ್ತೇನೆಂದರೂ ಒಪ್ಪಲಿಲ್ಲ. ಚೀಲದಿಂದ ಒಂದು ಸ್ಟೀಲ್ ತಟ್ಟೆ, ದಾರಿಯಲ್ಲಿ ಕೊಂಡಿದ್ದ ಒಂದು ಸೌಟು ತೆಗೆದರು. ಅವರೆಕಾಯಿ ಸುಲಿದು ಹಾಕಿಕೊಳ್ಳಲೆಂದು ತಂದಿದ್ದ ತಟ್ಟೆ. ಆರೂವರೆ ಆದದ್ದೇ ಕಾಳನ್ನು ಸೆರಗಿಗೆ ಸುರಿದುಕೊಂಡು ಸೌಟಿನಿಂದ ಒಂದು ಏಟು ಕೊಟ್ಟರು. ಅಷ್ಟು ಜೋರಾದ ಸದ್ದು ನಮ್ಮ ಕಾಲೇಜಿನ ಬೆಲ್ಲಿಗೂ ಇರಲಿಲ್ಲ. ಸವಿತಾಳ ಕೈಯಲ್ಲಿದ್ದ ಚೆಂಡು ಬುಟ್ಟಿಯ ಕಡೆ ಹೊರಡುವುದರಲ್ಲಿತ್ತು. ಆಯ್ತು, ನಡಿ ಎಂದರು ಲಕ್ಷ್ಮಮ್ಮ.

ಹೀಗೆ ಮಗಳನ್ನು ಕರೆದೊಯ್ಯಲು ಬರುತ್ತಿದ್ದವರು ನಿಧಾನವಾಗಿ ಆಟ ನೋಡತೊಡಗಿದರು. ಯಾಕೆ ನಿಂತಿತು, ಯಾಕೆ ಶುರುವಾಯಿತು ಎಂದು ಕೇಳತೊಡಗಿದರು. ಅಭ್ಯಾಸ ಪಂದ್ಯಗಳಿಗೆ ಅವರನ್ನೇ ಗಡಿಯಾರಕ್ಕೆ ಕೂರಿಸಿದೆ. ಮುಖ್ಯ ನಿಯಮವೊಂದನ್ನು ಕಲಿಸಿದೆ: ಚೆಂಡು ಕೈಬಿಟ್ಟ ಮೇಲೆ ತಟ್ಟೆ ಬಾರಿಸಿದರೆ ಆ ಬುಟ್ಟಿ ಲೆಕ್ಕಕ್ಕುಂಟು, ಬಾರಿಸಿದ ಮೇಲೆ ಕೈಬಿಟ್ಟರೆ ಇಲ್ಲ. ಉಪ್ಪಿನಕಾಯಿಗೆ ಉಪ್ಪಿನ ಅಳತೆ ಕೇಳಿಕೊಂಡಂತೆ ಒಮ್ಮೆ ಕೇಳಿಸಿಕೊಂಡು ತಲೆಯಾಡಿಸಿದರು. ಮತ್ತೆ ಕೇಳಲಿಲ್ಲ. ಕಾಲೇಜಿನಲ್ಲಿ ಪಂದ್ಯಾವಳಿ ನಡೆದಾಗಲೂ ಅವರೇ ಮೇಜಿಗೆ ಬಂದರು. ವಿರಾಮ ಮುಗಿದ ಮೇಲೂ ನೀರು ಕುಡಿಯುತ್ತ ನಿಂತವರಿಗೆ, ಯಾವ ಕಾಲೇಜಿನವರಾಗಲಿ, ಮೇಜಿನಿಂದಲೇ ಗದರಿಕೆ. ಎರಡೂ ತಂಡದವರಿಗೆ ಅವರೆಂದರೆ ಭಯ. ನನ್ನ ಕೂಗಿಗೆ ಹೆದರದವರು ಆ ಸೌಟಿಗೆ ಹೆದರುತ್ತಿದ್ದರು.

ಸವಿತಾ ಕೊನೆಯ ವರ್ಷದಲ್ಲಿದ್ದಾಗ ಅಂತರಕಾಲೇಜು ಫೈನಲ್ ನಮ್ಮ ಅಂಕಣದಲ್ಲೇ ನಡೆಯಿತು. ಎದುರಿಗೆ ಮುನಿಸ್ವಾಮಿ ಸಾರ್ ತಂಡ. ಗೆದ್ದ ಕಾಲೇಜಿನಿಂದಲೇ ವಿಶ್ವವಿದ್ಯಾಲಯದ ತಂಡಕ್ಕೆ ಹೆಚ್ಚು ಜನರನ್ನು ತೆಗೆದುಕೊಳ್ಳುವುದು ರೂಢಿ. ಹಾಗಾಗಿ ಸವಿತಾಳ ಮಟ್ಟಿಗೆ ಅದು ಬರೀ ಕಪ್ಪಿನ ಪ್ರಶ್ನೆಯಲ್ಲ. ಮೇಜಿನ ಹಿಂದೆ ಆಟಗಾರ್ತಿಯ ತಾಯಿ ಕೂತಿದ್ದಾರೆಂದು ಅವರ ಕಡೆಯವರೊಬ್ಬರು ತಕರಾರು ತೆಗೆದರು. ಮುನಿಸ್ವಾಮಿ ಸಾರ್ ನಕ್ಕುಬಿಟ್ಟರು. "ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿಜ. ಆದ್ರೆ ಈಯಮ್ಮ ಹೆಗ್ಗಣಕ್ಕೂ ಟೈಮ್ ಹಾಕೋರು. ಇರ್ಲಿ ಬಿಡ್ರಿ."

ಕೊನೆಯ ಕ್ಷಣದಲ್ಲಿ ನಾವು ಒಂದೇ ಒಂದು ಅಂಕ ಹಿಂದಿದ್ದೆವು. ಚೆಂಡು ಪ್ರಿನ್ಸಿಪಾಲರ ಪದ್ಧತಿಯಲ್ಲಿ ಕೈಯಿಂದ ಕೈಗೆ ಸುತ್ತಿ, ಎಡಗಡೆಯಲ್ಲಿದ್ದ ಸವಿತಾಳಿಗೆ ಸಿಕ್ಕಿತು. ಅವಳು ನೆಗೆದಳು. ತಟ್ಟೆ ಬಾರಿಸಿತು. ಬಲೆ ಅಲುಗಿತು. ನಮ್ಮ ಹುಡುಗಿಯರು ಸವಿತಾಳನ್ನು ಎತ್ತಿಕೊಂಡರು. ಪ್ರಿನ್ಸಿಪಾಲ್ ಮೇಡಂ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು. ರೆಫರಿ ಮಾತ್ರ ಎರಡು ಅಂಕ ಕೊಡಲು ಎರಡು ಬೆರಳು ಎತ್ತಲಿಲ್ಲ. ಚಿಕ್ಕ ವಯಸ್ಸಿನವರು, ಗೊಂದಲದಲ್ಲಿದ್ದರು. ಮೇಜಿನ ಹತ್ತಿರ ಬಂದು, ಚೆಂಡು ಕೈಯಲ್ಲಿದ್ದಾಗ ಬಾರಿಸಿದಿರೋ, ಬಿಟ್ಟ ಮೇಲೋ ಎಂದು ಕೇಳಿದರು.

ನಾನು ಲಕ್ಷ್ಮಮ್ಮನವರ ಮುಖವನ್ನೇ ನೋಡುತ್ತಿದ್ದೆ. ಅವರು ಬಿಟ್ಟ ಮೇಲೆ ಎಂದು ಹೇಳಲಿ ಎಂದು ನಾನು ಆ ಗಳಿಗೆಯಲ್ಲಿ ಬೇಡಿಕೊಂಡಷ್ಟು ಯಾವ ದೇವಸ್ಥಾನದಲ್ಲೂ ಬೇಡಿಕೊಂಡಿಲ್ಲ. ಅವರು ಒಮ್ಮೆ ಮಗಳನ್ನು ನೋಡಿದರು. ಹೆಗಲ ಮೇಲೆ ಕೂತಿದ್ದ ಸವಿತಾ ಇನ್ನೂ ನಗುತ್ತಿದ್ದಳು.

"ಕೈಯಲ್ಲೇ ಇತ್ತು ಸಾರ್. ನಾನು ಬಾರಿಸಿದ್ಮೇಲೆ ಬಿಟ್ಲು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿಗೆ ಒದ್ದೆ. ಅದು ಉರುಳಿಕೊಂಡು ಹೋಗಿ ಮುಖ್ಯ ಅತಿಥಿಗಳ ಕಾಲ ಬಳಿ ನಿಂತಿತು. ಸವಿತಾ ಅಳಲಿಲ್ಲ. ಹೆಗಲಿನಿಂದ ಇಳಿದು, ಶೂ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು, ತಾಯಿಗೆ ಕಾಯದೆ ಬಸ್‌ಸ್ಟಾಪಿಗೆ ನಡೆದಳು. ಲಕ್ಷ್ಮಮ್ಮ ತಟ್ಟೆಯನ್ನು ಸೆರಗಿನಿಂದ ಒರೆಸಿ ಚೀಲಕ್ಕಿಟ್ಟುಕೊಂಡರು. ನನಗೆ ಏನೋ ಹೇಳಲು ಬಂದರು. ನನ್ನ ಮುಖ ನೋಡಿ ಬಸ್‌ಸ್ಟಾಪಿನ ಕಡೆ ಹೆಜ್ಜೆ ಹಾಕಿದರು.

ಅಂದಿನಿಂದ ಸವಿತಾ ತಾಯಿಯ ಜೊತೆ ಮಾತು ಬಿಟ್ಟಳು. ಲಕ್ಷ್ಮಮ್ಮ ಮಾತ್ರ ಎಂದಿನಂತೆ ಅಭ್ಯಾಸಕ್ಕೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ಹಾಕಿದ್ದು ಉಣ್ಣುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ ಎಂದು ನನ್ನ ಹತ್ತಿರ ಹೇಳಿಕೊಂಡರು. ಹೇಳುವಾಗ ಗದ್ಗದವೇನೂ ಇರಲಿಲ್ಲ, ಆದರೆ ಸುಲಿದ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ತಟ್ಟೆಗೂ ಹಾಕುತ್ತಿದ್ದರು. ಇಬ್ಬರ ನಡುವೆ ನಾನು ಅಂಚೆಯವಳಾದೆ. ಎಷ್ಟು ಹೊತ್ತಾಯಿತೆಂದು ಕೇಳಿ ಮೇಡಂ ಎಂದು ಮಗಳು. ಬೇಗ ಬಾ ಅನ್ನಿ ಮೇಡಂ ಎಂದು ತಾಯಿ. ಇಬ್ಬರೂ ನಿಂತಿರುತ್ತಿದ್ದದ್ದು ಒಂದು ಮಾರು ದೂರದಲ್ಲಿ.

ಸೋತರೂ ಆಯ್ಕೆ ಪರೀಕ್ಷೆಗೆ ಸವಿತಾಳಿಗೆ ಕರೆ ಬಂತು. ಗೆದ್ದವರಿಂದ ಹೆಚ್ಚಿನ ಜಾಗ ತುಂಬಿದ ಮೇಲೆ ಉಳಿದದ್ದು ಒಂದೇ ಸ್ಥಾನ. ಅದಕ್ಕೆ ಸವಿತಾ ಮತ್ತು ಮುನಿಸ್ವಾಮಿ ಸಾರ್ ಕಾಲೇಜಿನವಳೇ ಆದ ಇನ್ನೊಬ್ಬ ಗಟ್ಟಿ ಹುಡುಗಿಯ ನಡುವೆ ಪೈಪೋಟಿ. ಪರೀಕ್ಷೆಯ ಹಿಂದಿನ ಸಂಜೆ ಆಯ್ಕೆ ಸಮಿತಿಯಲ್ಲಿದ್ದ ಮುನಿಸ್ವಾಮಿ ಸಾರ್ ಫೋನ್ ಮಾಡಿದರು. ಹೋದ ವರ್ಷ ಸಮಯದ ವಿಚಾರಕ್ಕೆ ಪೋಷಕರು ಜಗಳವಾಡಿ ರಂಪವಾಗಿತ್ತು, ಈ ಸಲ ಆ ತಟ್ಟೆಯ ಅಮ್ಮನನ್ನು ಕರೆತನ್ನಿ ಎಂದರು. ಅವರ ಮಗಳೇ ಆಡುತ್ತಾಳಲ್ಲ ಸಾರ್ ಎಂದೆ. ಅದಕ್ಕೇ ಕರೀತಿರೋದು ಎಂದರು.

ಲಕ್ಷ್ಮಮ್ಮ, ಅವಳು ಒಪ್ಪಿದರೆ ಬರುತ್ತೇನೆ ಎಂದರು. ಸವಿತಾಳನ್ನು ಕೇಳಿದೆ. ಅವಳು ಚೆಂಡನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದಳು. "ಬರ್ಲಿ ಮೇಡಂ. ಬೇರೆ ಯಾರೋ ಕೂತ್ಕೊಂಡು ನಂಗೆ ಅರ್ಧ ಸೆಕೆಂಡ್ ದಾನ ಕೊಟ್ಟು, ಆಮೇಲೆ ನಾಲ್ಕು ಜನ ಆಡ್ಕೊಳೋದು ಬೇಡ." ಹಾಗೆಂದವಳು ಮರುದಿನ ಬಸ್ಸಿನಲ್ಲಿ ತಾಯಿಯ ಪಕ್ಕ ಜಾಗವಿದ್ದರೂ ಕೂರಲಿಲ್ಲ. ಹಿಂದೆ ಕಂಬ ಹಿಡಿದು ನಿಂತೇ ಬಂದಳು.

ಕರೆ ಬಂದವರನ್ನು ಎರಡು ತಂಡ ಮಾಡಿ ಆಡಿಸಿದ ಆಯ್ಕೆಯ ಪಂದ್ಯದಲ್ಲಿ ಅವಳ ಗುರಿ ಮೊದಲು ತಪ್ಪಿತು. ಎರಡು ಸಲ ಚೆಂಡು ಉಂಗುರಕ್ಕೆ ಬಡಿದು ಹೊರಬಂತು. ಇನ್ನೊಬ್ಬಳು ಎದುರು ತಂಡದಲ್ಲಿ ಚೆನ್ನಾಗಿ ಆಡುತ್ತಿದ್ದಳು. ನನಗೆ ಕೂಗಲು ಅನುಮತಿಯಿರಲಿಲ್ಲ; ತುಟಿ ಕಚ್ಚಿಕೊಂಡು ಕೂತಿದ್ದೆ. ನಿಧಾನಕ್ಕೆ ಸವಿತಾಳ ಕಾಲು ನೆಲಕ್ಕೆ ಒಗ್ಗಿತು. ಪಾಸ್ ಹುಡುಕಿ ಕೊಟ್ಟಳು, ಚೆಂಡು ಕಿತ್ತುಕೊಂಡಳು, ಬುಟ್ಟಿಗಳು ಬರತೊಡಗಿದವು. ಕೊನೆಗೆ ಎರಡೂ ಕಡೆ ಅಂಕ ಸಮವಾಯಿತು. ಮತ್ತೆ ಎಡಗಡೆ, ಮತ್ತೆ ಸವಿತಾ. ಈ ಸಲ ಅವಳು ಕಾಯಲಿಲ್ಲ. ನೆಗೆತ ಪೂರ್ತಿಯಾಗುವ ಮೊದಲೇ ಚೆಂಡು ಬಿಟ್ಟಳು. ಅದು ಗಾಳಿಯಲ್ಲಿದ್ದಾಗ ತಟ್ಟೆ ಬಾರಿಸಿತೆಂದು ನನಗೆ ಅನ್ನಿಸಿತು. ಆದರೆ ನನಗೆ ಅನ್ನಿಸುವುದಕ್ಕೆ ಬೆಲೆಯೇನು, ಫೈನಲ್ಲಿನಲ್ಲೂ ಹಾಗೇ ಅನ್ನಿಸಿತ್ತು. ಚೆಂಡು ಒಳಗೆ ಬಿತ್ತು.

ಇನ್ನೊಬ್ಬ ಹುಡುಗಿಯ ತಂದೆ ಎದ್ದು ನಿಂತು, ಟೈಮ್ ಆಗಿತ್ತು ಎಂದು ಕೂಗಿದರು. ಒಂದಿಬ್ಬರು ದನಿಗೂಡಿಸಿದರು. ಸೀಟಿ ಹಿಡಿದು ಪಂದ್ಯ ಆಡಿಸುತ್ತಿದ್ದ ಮುನಿಸ್ವಾಮಿ ಸಾರ್ ಮೇಜಿನತ್ತ ತಿರುಗಿದರು. ಸವಿತಾ ಬುಟ್ಟಿಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಎಷ್ಟೋ ವಾರಗಳಾದ ಮೇಲೆ ಮೊದಲ ಸಲ ತಾಯಿಯ ಮುಖ ನೋಡಿದಳು.

"ಬಿಟ್ಟಿದ್ಲು ಸಾರ್. ಬಿಟ್ಮೇಲೆ ಬಾರಿಸ್ದೆ," ಎಂದರು ಲಕ್ಷ್ಮಮ್ಮ.

ಕೂಗಿದ ತಂದೆ ಮತ್ತೇನೋ ಹೇಳಲು ಬಾಯಿ ತೆರೆದರು. ಅವರು ನಮ್ಮ ಕಾಲೇಜಿನ ಫೈನಲ್ ನೋಡಲೂ ಬಂದಿದ್ದವರು. ಒಂದು ಕ್ಷಣ ಲಕ್ಷ್ಮಮ್ಮನವರನ್ನು ನೋಡಿದರು, ಆಮೇಲೆ ತೆರೆದ ಬಾಯಿ ಮುಚ್ಚಿದರು. "ಈಯಮ್ಮ ಅಂದ್ಮೇಲೆ ಸರಿ ಬಿಡಿ," ಎಂದು ಪಕ್ಕದವರಿಗೆ ಹೇಳಿ ಕೂತರು. ದನಿಗೂಡಿಸಿದವರೂ ಕೂತರು. ಮುನಿಸ್ವಾಮಿ ಸಾರ್ ಎರಡು ಬೆರಳು ಎತ್ತಿದರು.

ಸ್ವಲ್ಪ ಹೊತ್ತಿನ ನಂತರ ಓದಿದ ಹೆಸರುಗಳಲ್ಲಿ ಸವಿತಾಳದೂ ಇತ್ತು. ಅವಳು ಆ ವರ್ಷ ವಿಶ್ವವಿದ್ಯಾಲಯಕ್ಕೆ ಆಡಿದಳು, ಮುಂದೆ ಬ್ಯಾಂಕು ಸೇರಿದಳು, ಬ್ಯಾಂಕಿನ ತಂಡಕ್ಕೂ ಆಡಿದಳು. ಹೊಸ ಹುಡುಗಿಯರು ಇಷ್ಟು ಕೇಳಿ ಸಮಾಧಾನಪಟ್ಟುಕೊಂಡು ಎದ್ದು ಹೊರಡಲು ನೋಡುತ್ತಾರೆ. ನಾನು ಕೂರಿಸುತ್ತೇನೆ. ಈ ಕೆಲಸದಲ್ಲಿ ನನಗೆ ಸಿಕ್ಕ ಸಂಬಳಕ್ಕಿಂತ ದೊಡ್ಡದು ಅದರ ನಂತರ ಆದದ್ದು.

ಹೆಸರು ಓದಿದ ಮೇಲೆ ಗೆಳತಿಯರು ಕುಣಿದರು, ನಾನು ಕೂಗಿದೆ, ಅನುಮತಿ ಯಾರನ್ನು ಕೇಳಬೇಕು. ಸವಿತಾ ಯಾರ ಕೈಗೂ ಸಿಗದೆ ನೇರವಾಗಿ ಮೇಜಿನ ಹತ್ತಿರ ಹೋದಳು. ಮೈಯೆಲ್ಲ ಬೆವರು, ಏದುಸಿರು. ಲಕ್ಷ್ಮಮ್ಮ ತಲೆ ತಗ್ಗಿಸಿ ಸ್ಟಾಪ್‌ವಾಚಿನ ದಾರ ಸುತ್ತುತ್ತಿದ್ದರು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

"ಅಮ್ಮ, ನೀರು ಕೊಡು."

ಲಕ್ಷ್ಮಮ್ಮನವರ ಕೈ ನಿಂತಿತು. ನಾನು ಬೇರೆ ಕಡೆ ತಿರುಗಿಕೊಂಡೆ. ಚೀಲ ತಡಕಾಡಿದ ಸದ್ದು, ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದು ಕೇಳಿಸಿತು. ಆಮೇಲೆ ಆ ತಾಯಿಯ ದನಿ.

"ಉಸ್ರು ತಗೊಂಡ್ ಕುಡಿಯೇ. ಅರ್ಜೆಂಟೇನಿಲ್ಲ."